ಅಮ್ಮಾ, ನಮ್ಗೂ ಹಾಗೇ ಆಗುತ್ತಾ?

ಬಾಂಬ್ ಸ್ಫೋಟ, ಗುಂಡಿನ ದಾಳಿ, ಪ್ರವಾಹ, ಗುಡ್ಡ ಕುಸಿತ... ಇಂಥ ಸುದ್ದಿ ಬಂದಾಗ ದೊಡ್ಡವರೇ ಕಂಗಾಲಾಗುತ್ತೇವೆ. ಇನ್ನು ಪುಟ್ಟ ಮನಸ್ಸುಗಳ ಗತಿ ಏನು? ಅವರ ಭಯಕ್ಕೆ ಅಮ್ಮನ ಬಳಿ ಇರುವ ಮದ್ದಾದರೂ ಯಾವುದು?

2025ರ ಏಪ್ರಿಲ್ 22. ಮಕ್ಕಳಿಗೆಲ್ಲ ಬೇಸಿಗೆ ರಜೆ. ಕಾಶ್ಮೀರದ ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು ಗುಂಡು ಹಾರಿಸಿ 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಕರ್ನಾಟಕದಿಂದ ಹೆಂಡತಿ ಮಕ್ಕಳ ಜೊತೆ ರಜೆ ಕಳೆಯಲು ಹೋದವರೂ ಇದ್ದರು. ಆ ಸಂಜೆಯಿಂದ ಎಷ್ಟೋ ಮನೆಗಳಲ್ಲಿ ಟಿ.ವಿ. ಆರಲೇ ಇಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ ಮಕ್ಕಳೂ ಅದನ್ನೇ ನೋಡಿದರು. ಆಮೇಲೆ ಮೆಲ್ಲಗೆ ಪ್ರಶ್ನೆ ಶುರುವಾಯಿತು. ‘ಅಮ್ಮಾ, ಅವರ ಅಪ್ಪನ್ನ ಯಾಕೆ ಸಾಯಿಸಿದ್ರು? ನಾವೂ ಟೂರ್ ಹೋದ್ರೆ ಹಾಗೇ ಮಾಡ್ತಾರಾ?’

ಇದಕ್ಕೆ ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಬರುವ ಉತ್ತರ ಒಂದೇ. ‘ಅದೆಲ್ಲ ನಿಂಗ್ಯಾಕೆ? ಸುಮ್ನೆ ಊಟ ಮಾಡು.’ ಮಗು ಸುಮ್ಮನಾಗುತ್ತದೆ. ನಾವು ಮರೆತಿದೆ ಅಂದ್ಕೋತೀವಿ. ಆದರೆ ರಾತ್ರಿ ಹನ್ನೆರಡಕ್ಕೆ ಅದೇ ಮಗು ಕಿಟಾರನೆ ಕಿರುಚಿ ಎದ್ದು ಕೂರುತ್ತದೆ!

ಇದೇನೂ ಎಲ್ಲೋ ದೂರದ ಕಥೆ ಅಂತ ಹೇಳುವ ಹಾಗಿಲ್ಲ. 2008ರ ಜುಲೈ 25ರ ಮಧ್ಯಾಹ್ನ ಬೆಂಗಳೂರಿನಲ್ಲಿ ಸರಣಿ ಸ್ಫೋಟಗಳಾದಾಗ ಶಾಲೆಗೆ ಹೋದ ಮಕ್ಕಳಿಗಾಗಿ ತಾಯಂದಿರು ಪಟ್ಟ ಪಾಡು ಹಳಬರಿಗೆ ನೆನಪಿದೆ. 2023ರ ಡಿಸೆಂಬರ್ 1ರಂದು ನಗರದ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಅದು ಹುಸಿ ಅಂತ ಗೊತ್ತಾಗುವಷ್ಟರಲ್ಲಿ ಒಲೆ ಆರಿಸಿ, ಚಪ್ಪಲಿ ಹಾಕಿಕೊಂಡು ಓಡಿದ ಅಮ್ಮಂದಿರೆಷ್ಟೋ! 2024ರ ಮಾರ್ಚ್ 1ರಂದು ತಿಂಡಿ ತಿನ್ನುವ ಹೋಟೆಲ್ಲಿನಲ್ಲೇ ಬಾಂಬ್ ಸಿಡಿಯಿತು. ಇನ್ನು ಕೊಡಗಿನ ಮಕ್ಕಳು 2018ರ ಆಗಸ್ಟಿನಲ್ಲಿ ಕಣ್ಣೆದುರಿಗೇ ಗುಡ್ಡ ಜಾರುವುದನ್ನು ಕಂಡರು. 2009 ಮತ್ತು 2019ರಲ್ಲಿ ಉತ್ತರ ಕರ್ನಾಟಕದ ಮಕ್ಕಳು ಮನೆಯೊಳಗೆ ನೀರು ನುಗ್ಗುವುದನ್ನು ಕಂಡರು.

ಇಂಥ ಹೊತ್ತಿನಲ್ಲಿ ಮಕ್ಕಳಿಗೆ ಬೇಕಾದದ್ದು ಮೂರೇ ಮೂರು. ಅವರ ವಯಸ್ಸಿಗೆ ತಕ್ಕಷ್ಟು ಸತ್ಯ, ಎಂದಿನ ದಿನಚರಿ, ಪಕ್ಕದಲ್ಲಿ ಕೂರುವ ಒಬ್ಬ ದೊಡ್ಡವರು. ಇವು ಮೂರೂ ದುಡ್ಡು ಕೊಟ್ಟು ತರುವಂಥವಲ್ಲ. ಮನೆಯಲ್ಲೇ ಇವೆ. ಅವನ್ನು ಬಳಸುವುದು ಹೇಗೆ ಅಂತ ನೋಡೋಣ.

ಮೊದಲು ನೋಡುವುದು ನಿಮ್ಮ ಮುಖ

ಅಂಬೆಗಾಲಿಡುವ ಮಗು ಬಿದ್ದಾಗ ಗಮನಿಸಿದ್ದೀರಾ? ತಕ್ಷಣ ಅಳುವುದಿಲ್ಲ. ಒಮ್ಮೆ ತಲೆಯೆತ್ತಿ ಅಮ್ಮನ ಮುಖ ನೋಡುತ್ತದೆ. ನೀವು ‘ಅಯ್ಯೋ!’ ಅಂದರೆ ಅಳು, ‘ಏನಾಗಿಲ್ಲ ಏಳು’ ಅಂದರೆ ನಗು. ದೊಡ್ಡ ಆಪತ್ತಿನಲ್ಲೂ ಇದೇ ಲೆಕ್ಕ.

ಎರಡನೇ ಮಹಾಯುದ್ಧದ ವೇಳೆ ಲಂಡನ್ ನಗರದ ಮೇಲೆ ಜರ್ಮನಿಯ ವಿಮಾನಗಳು ರಾತ್ರಿ ರಾತ್ರಿ ಬಾಂಬ್ ಸುರಿಯುತ್ತಿದ್ದವು. ಆಗ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರ ಮಗಳು ಆನಾ ಫ್ರಾಯ್ಡ್ ಮತ್ತು ಅವರ ಗೆಳತಿ ಡೊರೊಥಿ ಬರ್ಲಿಂಗ್‌ಹ್ಯಾಮ್ ಪುಟ್ಟ ಮಕ್ಕಳಿಗಾಗಿ ಶಿಶುಧಾಮಗಳನ್ನು ನಡೆಸಿದರು. ಅವರು ಕಂಡುಕೊಂಡ ಸತ್ಯ ಇಂದಿಗೂ ಹಳತಾಗಿಲ್ಲ. ಬಾಂಬಿನ ಸದ್ದಿಗಿಂತ ಅಮ್ಮನಿಂದ ದೂರವಾದದ್ದೇ ಎಷ್ಟೋ ಮಕ್ಕಳನ್ನು ಹೆಚ್ಚು ಕಾಡಿತ್ತು. ತಾಯಿ ಸಮಾಧಾನವಾಗಿದ್ದರೆ ಪಕ್ಕದಲ್ಲಿದ್ದ ಕೂಸೂ ಸಮಾಧಾನವಾಗಿರುತ್ತಿತ್ತು. ತಾಯಿ ನಡುಗಿದರೆ ಕೂಸೂ ನಡುಗುತ್ತಿತ್ತು.

ಹಾಗಂತ ನೀವು ಕಲ್ಲಿನ ಗೊಂಬೆ ಥರ ಇರಬೇಕು ಅಂತಲ್ಲ. ಕಣ್ಣಲ್ಲಿ ನೀರು ಬಂದರೆ ಬರಲಿ. ‘ಅಮ್ಮಂಗೂ ಬೇಜಾರಾಗಿದೆ ಪುಟ್ಟ, ಅದಕ್ಕೇ ಅಳು ಬಂತು. ಸ್ವಲ್ಪ ಹೊತ್ತಲ್ಲಿ ಸರಿಹೋಗ್ತೀನಿ’ ಅಂತ ಹೇಳಿ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು, ಹೊರಗೆ ಬಂದು ‘ಏನೂ ಇಲ್ಲ’ ಅಂದರೆ ಮಗುವಿಗೆ ಗೊತ್ತಾಗದೇ ಇರುತ್ತದೆಯೇ? ಕೆಂಪಗಾದ ಕಣ್ಣು ಒಂದು ಹೇಳುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ. ಆ ಗೊಂದಲವೇ ಭಯಕ್ಕೆ ಮೂಲ.

ಮೊದಲ ಕೆಲಸ, ಟಿ.ವಿ. ಆರಿಸಿ

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲೆ ದಾಳಿ ನಡೆದ ಕೆಲವೇ ದಿನಗಳಲ್ಲಿ ಅಮೆರಿಕದ ಉದ್ದಗಲಕ್ಕೂ ಒಂದು ಸಮೀಕ್ಷೆ ನಡೆಯಿತು. ದಾಳಿಯ ದಿನ ಮಕ್ಕಳು ಸರಾಸರಿ ಮೂರು ಗಂಟೆ ಟಿ.ವಿ.ಯಲ್ಲಿ ಅದೇ ಸುದ್ದಿ ನೋಡಿದ್ದರು. ಶೇ 35ರಷ್ಟು ಮಕ್ಕಳಲ್ಲಿ ಒತ್ತಡದ ಒಂದಾದರೂ ಲಕ್ಷಣ ಇದೆ ಅಂತ ಅಪ್ಪ ಅಮ್ಮಂದಿರೇ ಹೇಳಿದರು. ನೆನಪಿಡಿ, ಇವರಲ್ಲಿ ಹೆಚ್ಚಿನವರು ನ್ಯೂಯಾರ್ಕಿನಿಂದ ಬಹಳ ದೂರದಲ್ಲಿದ್ದವರು!

2013ರಲ್ಲಿ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸಿಡಿದ ನಂತರ ನಡೆದ ಇನ್ನೊಂದು ಅಧ್ಯಯನ ದೊಡ್ಡವರ ಕಥೆಯನ್ನೂ ಹೇಳಿತು. ಆ ವಾರ ದಿನಕ್ಕೆ ಆರು ಗಂಟೆಗೂ ಹೆಚ್ಚು ಅದೇ ಸುದ್ದಿ ನೋಡಿದವರ ಒತ್ತಡ, ಸ್ಫೋಟದ ಸ್ಥಳದಲ್ಲೇ ಇದ್ದವರ ಒತ್ತಡಕ್ಕಿಂತ ಜಾಸ್ತಿ ಇತ್ತಂತೆ.

ಪುಟ್ಟ ಮಕ್ಕಳಿಗೆ ಇನ್ನೂ ಒಂದು ಕಷ್ಟ ಇದೆ. ಒಂದೇ ದೃಶ್ಯವನ್ನು ಐವತ್ತು ಸಲ ತೋರಿಸಿದರೆ ಐವತ್ತು ಸಲ ಅದು ನಡೆಯಿತು ಅಂತಲೇ ಅವರು ತಿಳಿಯುತ್ತಾರೆ. ‘ಮತ್ತೆ ಇನ್ನೊಂದು ಬಿಲ್ಡಿಂಗ್ ಬಿತ್ತು ಅಮ್ಮಾ’ ಅಂತ ಮಗು ಹೇಳಿದರೆ ನಗಬೇಡಿ. ಅದು ನಿಜವಾಗಿಯೂ ಹಾಗೇ ನಂಬಿದೆ.

ಆದ್ದರಿಂದ ಮಕ್ಕಳು ಎದ್ದಿರುವಾಗ ಅಂಥ ಸುದ್ದಿ ಬೇಡ. ಮಲಗಿದ ಮೇಲೆ ಅರ್ಧ ಗಂಟೆ ನೋಡಿ, ಸಾಕು. ಇನ್ನು ಈಗಿನ ದೊಡ್ಡ ತಲೆನೋವು ವಾಟ್ಸ್‌ಆ್ಯಪ್. ಅಪಾರ್ಟ್‌ಮೆಂಟಿನ ಗ್ರೂಪು, ಸ್ಕೂಲಿನ ಗ್ರೂಪು, ನೆಂಟರ ಗ್ರೂಪು... ಎಲ್ಲದರಲ್ಲೂ ರಕ್ತ ಸಿಕ್ತ ವಿಡಿಯೊ. ಯಾವುದು ನಿಜವೋ, ಯಾವುದು ಸುಳ್ಳೋ! ಆಟ ಆಡಲು ಅಂತ ಫೋನ್ ತೆಗೆದುಕೊಳ್ಳುವ ಮಗುವಿನ ಕೈಗೆ ಅದೇ ಸಿಗುತ್ತದೆ. ಅಂಥ ವಿಡಿಯೊಗಳು ತಾನಾಗಿ ಡೌನ್‌ಲೋಡ್ ಆಗದ ಹಾಗೆ ಸೆಟ್ಟಿಂಗ್ ಬದಲಿಸಿ. ಬಂದದ್ದನ್ನು ಅಳಿಸಿ, ಮುಂದಕ್ಕೆ ಕಳಿಸಲೇಬೇಡಿ. ಸ್ವಂತ ಫೋನ್ ಇರುವ ಹದಿಹರೆಯದ ಮಕ್ಕಳಿಗೆ ‘ನೋಡಬೇಡ’ ಅಂದರೆ ನಡೆಯುವುದಿಲ್ಲ. ‘ಏನ್ ನೋಡಿದೆ? ನಂಗೂ ಹೇಳು’ ಅಂತ ಜೊತೆಗೆ ಕೂತರೆ ಮಾತಿಗೆ ದಾರಿಯಾಗುತ್ತದೆ.

ಎಷ್ಟು ಹೇಳಬೇಕು? ಹೇಗೆ ಹೇಳಬೇಕು?

ಮಗುವಿಗೆ ಏನೂ ಹೇಳದಿದ್ದರೆ ಅದು ತನ್ನದೇ ಕಥೆ ಕಟ್ಟಿಕೊಳ್ಳುತ್ತದೆ. ಆ ಕಥೆ ನಿಜಕ್ಕಿಂತಲೂ ಭಯಂಕರವಾಗಿರುತ್ತದೆ! ಹಾಗಾಗಿ ನೀವೇ ಹೇಳುವುದು ಒಳ್ಳೆಯದು.

ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ. ‘ನಿಂಗೆ ಏನ್ ಗೊತ್ತು? ಸ್ಕೂಲಲ್ಲಿ ಏನ್ ಮಾತಾಡ್ಕೊಂಡ್ರು?’ ಅಂತ. ಮಗುವಿನ ತಲೆಯಲ್ಲಿ ಏನು ಕೂತಿದೆ ಅಂತ ತಿಳಿಯುತ್ತದೆ. ಆಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಐದು ವರ್ಷದ ಕಂದನಿಗೆ ಎರಡು ವಾಕ್ಯ ಸಾಕು. ‘ಕೆಲವು ಕೆಟ್ಟ ಜನ ಬೇರೆಯವರಿಗೆ ನೋವು ಮಾಡಿದ್ರು. ಪೊಲೀಸ್ ಅಂಕಲ್, ಸೈನಿಕರು ಎಲ್ರೂ ಸೇರಿ ಜನರನ್ನ ನೋಡ್ಕೋತಿದ್ದಾರೆ.’ ಹತ್ತು ವರ್ಷದವರಿಗೆ ಎಲ್ಲಿ, ಯಾವಾಗ, ಮುಂದೆ ಏನು ಮಾಡುತ್ತಾರೆ ಎಂಬುದೂ ಬೇಕು. ಭೂಪಟ ತೆಗೆದು ತೋರಿಸಿ. ದೂರ ಎಷ್ಟು ಅಂತ ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ.

‘ನಮ್ಗೂ ಹಾಗೇ ಆಗುತ್ತಾ?’ ಅಂತ ಕೇಳಿದಾಗ ‘ಖಂಡಿತಾ ಆಗಲ್ಲ’ ಅಂತ ಆಣೆ ಮಾಡಬೇಡಿ. ನಾಳೆ ಪಕ್ಕದ ಬೀದಿಯಲ್ಲೇ ಏನಾದರೂ ಆದರೆ ಮಗು ನಿಮ್ಮ ಮಾತನ್ನು ಮತ್ತೆ ನಂಬುತ್ತದೆಯೇ? ಬದಲಿಗೆ ಹೀಗೆ ಹೇಳಿ: ‘ಹೀಗೆಲ್ಲ ಆಗೋದು ತುಂಬಾ ಅಪರೂಪ. ನಿನ್ನ ಚೆನ್ನಾಗಿ ನೋಡ್ಕೊಳ್ಳೋಕೆ ನಾನು, ಅಪ್ಪ, ಅಜ್ಜಿ, ಟೀಚರ್ ಎಲ್ರೂ ಇದೀವಿ. ಏನೇ ಆದ್ರೂ ಏನ್ ಮಾಡ್ಬೇಕು ಅಂತ ನಮಗೆ ಗೊತ್ತು.’ ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ ಕಣೋ, ತಿಳ್ಕೊಂಡು ಹೇಳ್ತೀನಿ’ ಅಂದರೂ ತಪ್ಪಿಲ್ಲ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ರೇಗಬೇಡಿ. ಉತ್ತರ ಮರೆತು ಕೇಳುತ್ತಿಲ್ಲ, ಧೈರ್ಯಕ್ಕಾಗಿ ಕೇಳುತ್ತಿದೆ.

ಏನು ಮಾಡಬೇಕು ಎಂಬ ತಿಳಿವಳಿಕೆಯೇ ದೊಡ್ಡ ಧೈರ್ಯ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಥಾಯ್ಲೆಂಡಿನ ಫುಕೆಟ್ ಕಡಲ ತೀರದಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಬ್ರಿಟಿಷ್ ಹುಡುಗಿ ಇದ್ದಳು. ಸಮುದ್ರದ ನೀರು ವಿಚಿತ್ರವಾಗಿ ನೊರೆಯೇಳುತ್ತಿದ್ದುದನ್ನು ಕಂಡ ಆಕೆಗೆ ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಕೇಳಿದ ಪಾಠ ನೆನಪಾಯಿತು. ಕೂಗಿ ಹೇಳಿದಳು. ತೀರದಲ್ಲಿದ್ದ ಸುಮಾರು ನೂರು ಜನ ಬದುಕಿಕೊಂಡರು. ನಿಮ್ಮ ಮಗುವಿಗೂ ನಿಮ್ಮ ಫೋನ್ ನಂಬರ್ ಬಾಯಿಪಾಠ ಇರಲಿ. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿ 1098 ಗೊತ್ತಿರಲಿ. ‘ಜಾತ್ರೆಯಲ್ಲೋ ಮಾಲ್‌ನಲ್ಲೋ ತಪ್ಪಿಸಿಕೊಂಡರೆ ಇಲ್ಲಿ ನಿಂತಿರು’ ಅಂತ ಜಾಗ ತೋರಿಸಿ. 2025ರ ಮೇ 7ರಂದು ಬೆಂಗಳೂರಿನಲ್ಲಿ ನಾಗರಿಕ ರಕ್ಷಣೆಯ ಅಣಕು ಸೈರನ್ ಮೊಳಗಿತು. ಅಂಥ ತಾಲೀಮು ಇದೆ ಅಂತ ಗೊತ್ತಾದಾಗ ಮಕ್ಕಳಿಗೆ ಮೊದಲೇ ‘ಇದು ಬರೀ ಪ್ರಾಕ್ಟೀಸು’ ಅಂತ ಹೇಳಿಬಿಟ್ಟರೆ ಅದು ಆಟವಾಗುತ್ತದೆ. ಹೇಳದಿದ್ದರೆ ಅದೇ ಯುದ್ಧವಾಗುತ್ತದೆ!

ವಯಸ್ಸಿಗೊಂದು ಭಯ

ಮಕ್ಕಳು ‘ನಂಗೆ ಭಯ ಆಗ್ತಿದೆ’ ಅಂತ ನೇರವಾಗಿ ಹೇಳುವುದು ಕಮ್ಮಿ. ಅವರ ಮೈ, ಅವರ ನಡವಳಿಕೆ ಹೇಳುತ್ತದೆ.

* ಐದು ವರ್ಷದೊಳಗಿನವರು: ಸೆರಗು ಬಿಡುವುದಿಲ್ಲ. ಬಿಟ್ಟುಹೋಗಿದ್ದ ಬೆರಳು ಚೀಪುವ ಚಟ ಮತ್ತೆ ಬರುತ್ತದೆ. ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ‘ಇಷ್ಟು ದೊಡ್ಡವನಾಗಿ...’ ಅಂತ ನಾಚಿಕೆ ಮಾಡಬೇಡಿ. ಕೆಲವು ದಿನ ಪಕ್ಕದಲ್ಲೇ ಮಲಗಿಸಿಕೊಳ್ಳಿ.

* ಆರರಿಂದ ಹನ್ನೆರಡು: ಶಾಲೆಗೆ ಹೊರಡುವಾಗ ಹೊಟ್ಟೆನೋವು, ತಲೆನೋವು. ಓದಿನಲ್ಲಿ ಗಮನ ಇರುವುದಿಲ್ಲ. ಸಣ್ಣದಕ್ಕೂ ಜಗಳ. ‘ನಾನು ಹಟ ಮಾಡಿದ್ದಕ್ಕೇ ಹೀಗಾಯ್ತಾ?’ ಎಂಬ ಅನುಮಾನವೂ ಒಳಗೊಳಗೇ ಇರಬಹುದು. ‘ಇದ್ರಲ್ಲಿ ನಿನ್ ತಪ್ಪು ಏನೂ ಇಲ್ಲ’ ಅಂತ ಬಾಯಿಬಿಟ್ಟು ಹೇಳಿ.

* ಹದಿಹರೆಯ: ಕೋಣೆ ಬಾಗಿಲು ಹಾಕಿಕೊಳ್ಳುತ್ತಾರೆ. ಇಲ್ಲವೇ ‘ನಂಗೇನಾಗಿದೆ, ಐ ಆ್ಯಮ್ ಫೈನ್’ ಅಂತಾರೆ. ನಿದ್ದೆಗೆಡುತ್ತಾರೆ, ರೇಗುತ್ತಾರೆ. ‘ಗಂಡು ಹುಡುಗ, ಅಳ್ತಾರೇನೋ?’ ಎಂಬ ಮಾತನ್ನು ಮನೆಯಿಂದಲೇ ಗಡೀಪಾರು ಮಾಡಿ.

ಇವೆಲ್ಲ ರೋಗವಲ್ಲ. ಸಹಜವಲ್ಲದ ಘಟನೆಗೆ ಸಹಜವಾದ ಪ್ರತಿಕ್ರಿಯೆ ಅಷ್ಟೆ. ಮನೆಯ ಆಸರೆ ಇದ್ದರೆ ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತಾರೆ.

‘ಮಗು ಬೆಚ್ಚಿಬಿದ್ದಿದೆ’ ಅಂತ ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯಲು ಬಂದರೆ ಜಗಳಕ್ಕೆ ನಿಲ್ಲಬೇಡಿ. ತಲೆ ಸವರುವ ಆ ಕೈ, ಕೂರಿಸಿಕೊಳ್ಳುವ ಆ ಮಡಿಲು ಮಗುವಿಗೆ ಹಿತವೇ. ಆದರೆ ಅಷ್ಟಕ್ಕೇ ‘ಎಲ್ಲ ಹೋಯ್ತು’ ಅಂತ ಕೈಕಟ್ಟಿ ಕೂರಬೇಡಿ.

ಆಟ, ಬಣ್ಣ, ಎಂದಿನ ತಿಂಡಿ

ಸ್ಫೋಟದ ಸುದ್ದಿ ಕೇಳಿದ ಮಕ್ಕಳು ಬ್ಲಾಕ್ಸ್ ಜೋಡಿಸಿ ‘ಢಂ’ ಅಂತ ಬೀಳಿಸುವ ಆಟ ಆಡುತ್ತಾರೆ. ಗುಡ್ಡ ಕುಸಿತ ಕಂಡವರು ಮಣ್ಣಿನ ರಾಶಿ ಮಾಡಿ ಬೊಂಬೆಯನ್ನು ಹೂಳುತ್ತಾರೆ. ನೋಡಿದ ನಮಗೆ ಎದೆ ಝಲ್ಲೆನ್ನುತ್ತದೆ. ಗದರಿಸಬೇಡಿ. ಮಾತಿನಲ್ಲಿ ಹೇಳಲಾಗದ್ದನ್ನು ಅವರು ಆಟದಲ್ಲಿ ಹೇಳಿ ಹಗುರಾಗುತ್ತಿದ್ದಾರೆ. ಅದೇ ಆಟ ವಾರಗಟ್ಟಲೆ ಬದಲಾಗದೇ ನಡೆದರೆ ಮೆಲ್ಲಗೆ ನೀವೂ ಸೇರಿಕೊಳ್ಳಿ. ‘ಈಗ ಆಂಬುಲೆನ್ಸ್ ಬಂತು, ಬೊಂಬೆನ ಕಾಪಾಡಿತು’ ಅಂತ ಆಟಕ್ಕೊಂದು ದಾರಿ ತೋರಿಸಿ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರಿಗೆ ಈ ವಿಷಯದಲ್ಲಿ ದಶಕಗಳ ಅನುಭವ ಇದೆ. 1993ರ ಲಾತೂರ್ ಭೂಕಂಪ, 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ... ಎಲ್ಲ ಕಡೆಯೂ ಅವರ ತಂಡಗಳು ಕೆಲಸ ಮಾಡಿವೆ. ಊರಿನ ಕಾರ್ಯಕರ್ತರಿಗೇ ತರಬೇತಿ ಕೊಟ್ಟು, ಮಕ್ಕಳ ಜೊತೆ ಚಿತ್ರ ಬಿಡಿಸುವುದು, ಜೇಡಿಮಣ್ಣಿನ ಆಟ, ಹಾಡು, ಕಥೆ ಇವುಗಳ ಮೂಲಕವೇ ಮನಸ್ಸಿನ ಗಾಯಕ್ಕೆ ಮುಲಾಮು ಹಚ್ಚಿದ್ದಾರೆ. ಇದನ್ನೇ ಮನೆಯಲ್ಲೂ ಮಾಡಬಹುದು. ಒಂದು ಹಾಳೆ, ನಾಲ್ಕು ಕ್ರೆಯಾನ್ ಸಾಕು. ಮಗು ಬಿಡಿಸಿದ್ದನ್ನು ‘ಚೆನ್ನಾಗಿದೆ, ಚೆನ್ನಾಗಿಲ್ಲ’ ಅನ್ನದೆ, ‘ಇದ್ರ ಬಗ್ಗೆ ಹೇಳು’ ಅನ್ನಿ.

ಆದರೆ ‘ಏನೇನಾಯ್ತು ಎಲ್ಲ ಹೇಳು’ ಅಂತ ಕೆದಕಿ ಕೆದಕಿ ಕೇಳುವುದು ತಪ್ಪು. ಘಟನೆ ಆದ ತಕ್ಷಣ ಎಲ್ಲವನ್ನೂ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ಮೊದಲು ಇತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆ ಹಾಗೆ ಮಾಡಬೇಡಿ ಅನ್ನುತ್ತದೆ. ಮನೆಗೆ ಬಂದ ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ‘ಹೇಳು ಪುಟ್ಟಿ, ಅವತ್ತು ಏನ್ ನೋಡ್ದೆ?’ ಅಂತ ಕಥೆ ಹೇಳಿಸುವುದಂತೂ ಬೇಡವೇ ಬೇಡ.

ದಿನಚರಿ ಬಹಳ ಮುಖ್ಯ. ಅದೇ ಹೊತ್ತಿಗೆ ಏಳುವುದು, ಅದೇ ಉಪ್ಪಿಟ್ಟು, ಅದೇ ಟಿಫಿನ್ ಬಾಕ್ಸ್, ಸಂಜೆ ಅದೇ ದೀಪ. ನಮಗೆ ಬೋರಾಗುವ ಈ ಕೆಲಸಗಳೇ ಮಗುವಿಗೆ ‘ಪ್ರಪಂಚ ಇನ್ನೂ ಸರಿಯಾಗಿದೆ’ ಅಂತ ಹೇಳುತ್ತವೆ. ಹೆದರಿದಾಗ ಬಿಸಿ ಹಾಲು ಆರಿಸುವ ಹಾಗೆ ನಿಧಾನವಾಗಿ ಉಸಿರು ಊದಲು ಕಲಿಸಿ. ಐದಾರು ಸಲ ಊದುವಷ್ಟರಲ್ಲಿ ಎದೆಬಡಿತ ಹತೋಟಿಗೆ ಬರುತ್ತದೆ.

ಮನೆಯಲ್ಲೇ ಸಾವಾಗಿದ್ದರೆ...

1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಹೆಚ್ಚಿನವರು ಮಕ್ಕಳು. ಆಗ ನಿಮ್ಹಾನ್ಸ್ ತಜ್ಞರು ಆ ಮನೆಗಳ ದುಃಖವನ್ನು ಅಧ್ಯಯನ ಮಾಡಿದ್ದರು. ಇಂಥ ದುರಂತದಲ್ಲಿ ಸಾವು ಮುನ್ಸೂಚನೆ ಇಲ್ಲದೆ ಬರುತ್ತದೆ. ಆದ್ದರಿಂದಲೇ ಮನೆಯವರಿಗೆ ಅದನ್ನು ಒಪ್ಪಿಕೊಳ್ಳುವುದು ಕಷ್ಟ.

ಅಂಥ ಮನೆಯಲ್ಲಿ ಉಳಿದ ಮಗುವಿಗೆ ಏನು ಹೇಳುವುದು? ‘ಅಪ್ಪ ದೂರದ ಊರಿಗೆ ಹೋಗಿದ್ದಾರೆ’ ಅಂದರೆ ಮಗು ದಿನಾ ಗೇಟಿನ ಬಳಿ ಕಾಯುತ್ತದೆ. ‘ಮಲಗಿದ್ದಾರೆ’ ಅಂದರೆ ತಾನು ಮಲಗಲು ಹೆದರುತ್ತದೆ. ‘ಒಳ್ಳೆಯವರನ್ನ ದೇವರು ಬೇಗ ಕರ್ಕೋತಾನೆ’ ಅಂದರೆ ಒಳ್ಳೆಯವರಾಗುವುದಕ್ಕೇ ಭಯ! ಕಷ್ಟವಾದರೂ ‘ಸತ್ತುಹೋದರು’ ಎಂಬ ಪದವನ್ನೇ ಬಳಸಿ. ‘ಅವರ ದೇಹ ಕೆಲಸ ಮಾಡೋದು ನಿಂತುಹೋಯ್ತು. ಅವರು ವಾಪಸ್ ಬರಲ್ಲ. ನಾವು ಅವರನ್ನ ನೆನಪಿಸ್ಕೋಬಹುದು, ಅವರ ಬಗ್ಗೆ ಮಾತಾಡ್ಬಹುದು’ ಅಂತ ತೊಡೆ ಮೇಲೆ ಕೂರಿಸಿಕೊಂಡು ಹೇಳಿ. ತುಂಬಾ ಪುಟ್ಟ ಮಕ್ಕಳಿಗೆ ಸಾವು ಶಾಶ್ವತ ಅಂತ ತಿಳಿಯುವುದಿಲ್ಲ. ನಾಳೆ ಮತ್ತೆ ‘ಅಪ್ಪ ಯಾವಾಗ ಬರ್ತಾರೆ?’ ಅಂತ ಕೇಳಬಹುದು. ಮತ್ತೆ ಅದೇ ಉತ್ತರ, ಅದೇ ಮೆತ್ತಗಿನ ದನಿಯಲ್ಲಿ.

ಅಂತ್ಯಸಂಸ್ಕಾರ, ಹನ್ನೊಂದನೇ ದಿನ, ನಲವತ್ತನೇ ದಿನ... ನಿಮ್ಮ ಮನೆಯ ಸಂಪ್ರದಾಯ ಯಾವುದೇ ಇರಲಿ, ಮಗುವನ್ನು ಪಕ್ಕದ ಮನೆಗೆ ಅಟ್ಟಿಬಿಡಬೇಡಿ. ಅಲ್ಲಿ ಏನು ನಡೆಯುತ್ತದೆ ಅಂತ ಮೊದಲೇ ಹೇಳಿ, ‘ನೀನೂ ಇರ್ತೀಯಾ?’ ಅಂತ ಕೇಳಿ. ಒಂದು ಹೂವು ಇಡುವುದೇ ಇರಲಿ, ಅದರ ಪಾಲಿಗೂ ಒಂದು ಕೆಲಸ ಕೊಡಿ. ಬೇಡ ಅಂದರೆ ಒತ್ತಾಯ ಬೇಡ. ಅಳುತ್ತಿದ್ದ ಮಗು ಐದು ನಿಮಿಷಕ್ಕೇ ಎದ್ದು ಆಡಲು ಹೋದರೆ ‘ಎಷ್ಟು ಕಲ್ಲು ಮನಸ್ಸು’ ಅನ್ನಬೇಡಿ. ಮಕ್ಕಳು ದುಃಖಿಸುವುದೇ ಹಾಗೆ, ತುಣುಕು ತುಣುಕಾಗಿ.

ದ್ವೇಷದ ಬೀಜ ಬೇಡ

ಭಯೋತ್ಪಾದನೆಯ ಸುದ್ದಿಯ ಜೊತೆಗೇ ಮನೆಯೊಳಗೆ ಇನ್ನೊಂದು ವಿಷಯವೂ ಬರುತ್ತದೆ. ದೊಡ್ಡವರು ಸಿಟ್ಟಿನಲ್ಲಿ ‘ಅವರೆಲ್ಲಾ ಹಾಗೇ’ ಅಂತಾರೆ. ಮಾರನೇ ದಿನ ಮಗು ತನ್ನ ಬೆಂಚಿನ ಗೆಳೆಯನ ಜೊತೆ ಟೂ ಬಿಟ್ಟು ಬರುತ್ತದೆ. ಆ ಗೆಳೆಯನಿಗೂ ಅದೇ ವಯಸ್ಸು. ಅವನ ಮನೆಯಲ್ಲೂ ಅದೇ ಭಯ.

ಬೈಸರನ್‌ನಲ್ಲಿ ಗುಂಡಿಗೆ ಬಲಿಯಾದವರಲ್ಲಿ ಕುದುರೆ ಸವಾರಿ ಮಾಡಿಸುತ್ತಿದ್ದ ಒಬ್ಬ ಸ್ಥಳೀಯ ಮುಸ್ಲಿಂ ಯುವಕನೂ ಇದ್ದ. ಗಾಯಗೊಂಡ ಪ್ರವಾಸಿಗರನ್ನು ಬೆನ್ನ ಮೇಲೆ ಹೊತ್ತು ತಂದವರೂ ಅಲ್ಲಿಯ ಕಾಶ್ಮೀರಿಗಳೇ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಕಾಮಾ ಆಸ್ಪತ್ರೆಗೆ ಉಗ್ರರು ನುಗ್ಗಿದಾಗ ಅಂಜಲಿ ಕುಲ್ತೆ ಎಂಬ ನರ್ಸ್ ತಮ್ಮ ವಾರ್ಡಿನ 20 ಗರ್ಭಿಣಿಯರನ್ನು ಒಂದೇ ಕೋಣೆಗೆ ಸೇರಿಸಿ ಬಾಗಿಲು ಹಾಕಿ ಕಾಪಾಡಿದರು. ಮಕ್ಕಳಿಗೆ ಇಂಥ ಕಥೆಗಳನ್ನು ಹೇಳಿ. ಗುಂಡು ಹಾರಿಸಿದವರು ನಾಲ್ಕಾರು ಜನ, ಕೈಹಿಡಿದು ಎತ್ತಿದವರು ನೂರಾರು ಜನ ಅಂತ ಅವರಿಗೆ ಲೆಕ್ಕ ಸಿಗಲಿ. ಪರಿಹಾರ ಶಿಬಿರಕ್ಕೆ ಹಳೇ ಸ್ವೆಟರ್ ಜೊತೆ ತನ್ನದೊಂದು ಹೊಸ ಪೆನ್ಸಿಲ್ ಬಾಕ್ಸ್ ಕಳಿಸಿದ ಮಗುವಿಗೆ ‘ನನ್ನಿಂದಲೂ ಏನೋ ಆಯ್ತು’ ಎಂಬ ಸಮಾಧಾನ ಸಿಗುತ್ತದೆ.

ಮಳೆ ಬಂದರೆ ನಡುಕ

ಕೊಡಗಿನಲ್ಲಿ 2018, 2019, 2020 ಹೀಗೆ ಸತತ ಮೂರು ಆಗಸ್ಟ್ ತಿಂಗಳಲ್ಲಿ ಗುಡ್ಡ ಕುಸಿಯಿತು. ಅಲ್ಲಿ ಮನೆ ಕಳೆದುಕೊಂಡ ಮಗುವಿಗೆ ಮಳೆ ಅಂದರೆ ಕಾಗದದ ದೋಣಿಯ ಸಂಭ್ರಮ ಅಲ್ಲ. ಹೆಂಚಿನ ಮೇಲೆ ಹನಿ ಬಿದ್ದರೂ ಎದೆ ಹೊಡೆದುಕೊಳ್ಳುತ್ತದೆ. ಘಟನೆ ನಡೆದ ದಿನ, ತಿಂಗಳು, ಅದೇ ಸದ್ದು, ಅದೇ ವಾಸನೆ ಮರಳಿ ಬಂದಾಗ ಹಳೇ ಭಯವೂ ಮರಳುತ್ತದೆ. ನಿಮ್ಮ ನೆಂಟರ ಮಕ್ಕಳು ಅಂಥ ಊರಿನಿಂದ ಬಂದು ನಿಮ್ಮ ಮನೆಯಲ್ಲಿದ್ದು ಓದುತ್ತಿರಬಹುದು. ಮೊದಲ ಮಳೆಯ ರಾತ್ರಿ ಒಮ್ಮೆ ಅವರ ಕೋಣೆಗೆ ಹೋಗಿ ಬನ್ನಿ. ‘ಈ ಟೈಮಲ್ಲಿ ಹಾಗನ್ಸೋದು ಸಹಜ ಕಣಮ್ಮಾ’ ಅಂದರೆ ಅವರಿಗೆ ಎಷ್ಟೋ ಬಲ.

ಹಾಗೇ, ನಿಮ್ಮ ಮನೆಗೆಲಸಕ್ಕೆ ಬರುವ ಹೆಂಗಸಿನ ಊರು ಯಾವುದು ಅಂತ ಗೊತ್ತಾ? ಉತ್ತರ ಕರ್ನಾಟಕದ ನದಿ ತೀರದ ಹಳ್ಳಿಗಳಿಂದ ನಗರಕ್ಕೆ ಬಂದವರು ಎಷ್ಟೋ ಜನ. ಅಲ್ಲಿ ಹೊಳೆ ಉಕ್ಕಿದಾಗ ಅವರು ಇಲ್ಲಿ ನಿಮ್ಮ ಪಾತ್ರೆ ತಿಕ್ಕುತ್ತಿರುತ್ತಾರೆ, ಮನಸ್ಸೆಲ್ಲ ಅಲ್ಲಿ ಅವ್ವನ ಹತ್ತಿರ. ‘ಊರಲ್ಲಿ ಎಲ್ರೂ ಹೇಗಿದಾರೆ? ಫೋನ್ ಮಾಡ್ಕೋ’ ಅಂತ ಒಂದು ಮಾತು, ಒಂದು ಲೋಟ ಕಾಫಿ. ಅದೂ ಚಿಕಿತ್ಸೆಯೇ.

ಅಮ್ಮನ ಮನಸ್ಸನ್ನು ಯಾರು ನೋಡಬೇಕು?

ಎಲ್ಲರಿಗೂ ಬಡಿಸಿ ಕೊನೆಗೆ ಊಟ ಮಾಡುವುದು ನಮಗೆ ಅಭ್ಯಾಸ. ದುಃಖದಲ್ಲೂ ಅಷ್ಟೇ! ಮಕ್ಕಳನ್ನು ಸಮಾಧಾನ ಮಾಡಿ, ಅತ್ತೆಗೆ ಮಾತ್ರೆ ಕೊಟ್ಟು, ಗಂಡನ ರೇಗಾಟ ಸಹಿಸಿ, ತನ್ನ ಸರದಿ ಬರುವಷ್ಟರಲ್ಲಿ ಬೆಳಗಾಗಿರುತ್ತದೆ. ಆಘಾತದ ನಂತರದ ಮಾನಸಿಕ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಜಾಸ್ತಿ ಅಂತ ವೈದ್ಯರು ಹೇಳುತ್ತಾರೆ.

ಹಾಗಾಗಿ ನಿಮ್ಮ ಬಗ್ಗೆಯೂ ಸ್ವಲ್ಪ ಕಾಳಜಿ ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣಿ. ದಿನಕ್ಕೆ ಇಪ್ಪತ್ತು ನಿಮಿಷ ನಡೆಯಿರಿ. ಅಕ್ಕನೋ, ಗೆಳತಿಯೋ, ನಂಬಿಕೆಯ ಒಬ್ಬರ ಹತ್ತಿರ ಮನಸ್ಸು ಬಿಚ್ಚಿ. ನಿದ್ದೆ ಬರಲಿಲ್ಲ ಅಂತ ಯಾರದೋ ಡಬ್ಬಿಯ ನಿದ್ದೆಮಾತ್ರೆ ನುಂಗಬೇಡಿ. ಮಕ್ಕಳಿಗಂತೂ ಕೊಡಲೇಬೇಡಿ. ಗಂಡಸರು ದುಃಖವನ್ನು ಸಿಟ್ಟಾಗಿಯೋ ಕುಡಿತವಾಗಿಯೋ ಹೊರಹಾಕುವುದುಂಟು. ‘ನಿಮಗೂ ಕಷ್ಟ ಆಗ್ತಿದೆ ಅಲ್ವಾ?’ ಅಂತ ಕೇಳಿ ನೋಡಿ. ಆದರೆ ಕೈ ಎತ್ತಿದರೆ ಸಹಿಸಬೇಕಾಗಿಲ್ಲ. ಮಹಿಳಾ ಸಹಾಯವಾಣಿ 181 ಇದೆ. ಇನ್ನು ಸುಮ್ಮನೆ ಮೂಲೆಯಲ್ಲಿ ಕೂತಿರುವ ವಯಸ್ಸಾದವರನ್ನು ಮರೆಯಬೇಡಿ. ಅವರಿಗೊಂದು ಸಣ್ಣ ಕೆಲಸ ಕೊಡಿ. ಮೊಮ್ಮಗುವಿಗೆ ಕಥೆ ಹೇಳುವುದಾದರೂ ಸರಿ, ಇಬ್ಬರ ಮನಸ್ಸೂ ಒಟ್ಟಿಗೇ ತಿಳಿಯಾಗುತ್ತದೆ.

ವೈದ್ಯರ ಬಳಿ ಯಾವಾಗ?

* ಒಂದು ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಹಾಸಿಗೆ ಒದ್ದೆಯಾಗುವುದು ಕಮ್ಮಿಯಾಗದಿದ್ದರೆ.

* ಶಾಲೆ, ಆಟ, ಗೆಳೆಯರು ಎಲ್ಲವನ್ನೂ ಬಿಟ್ಟು ಮೌನಿಯಾದರೆ.

* ಊಟ, ನಿದ್ದೆ ಪೂರ್ತಿ ಕೆಟ್ಟರೆ, ಮೈ ತೂಕ ಇಳಿದರೆ.

* ‘ನಾನೂ ಅವರ ಹತ್ರ ಹೋಗ್ತೀನಿ’, ‘ಬದುಕೋದೇ ಬೇಡ’ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಮಗುವಿರಲಿ, ದೊಡ್ಡವರಿರಲಿ, ಒಬ್ಬರನ್ನೇ ಬಿಡಬೇಡಿ.

ಮನೋವೈದ್ಯರು ಅಂದ ತಕ್ಷಣ ‘ನಮ್ಮ ಮಗು ಹುಚ್ಚಾ?’ ಅಂತ ಹೆದರಬೇಕಾಗಿಲ್ಲ. ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುವ ಹಾಗೇ ಇದೂ. ಮನೆಯಿಂದ ಹೊರಡಲಾಗದವರು ಟೆಲಿ ಮಾನಸ್‌ಗೆ ಫೋನ್ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸೇವೆಗೆ ನಿಮ್ಹಾನ್ಸ್ ಮಾರ್ಗದರ್ಶನ ಇದೆ. ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಗ್ಯಾಸ್ ಏಜೆನ್ಸಿ, ಹಾಲಿನವನ ನಂಬರಿನ ಪಕ್ಕದಲ್ಲೇ ಫ್ರಿಜ್ಜಿನ ಮೇಲೆ ಅಂಟಿಸಿಡಿ.

ಬಾಂಬನ್ನು ತಡೆಯುವುದು, ಗುಡ್ಡವನ್ನು ನಿಲ್ಲಿಸುವುದು ನಮ್ಮ ಕೈಲಿಲ್ಲ. ಇವತ್ತು ರಾತ್ರಿ ದೀಪ ಆರಿಸುವ ಮುಂಚೆ ಹತ್ತು ನಿಮಿಷ ಮಗುವಿನ ಪಕ್ಕ ಸುಮ್ಮನೆ ಒರಗುವುದು ಮಾತ್ರ ಖಂಡಿತಾ ನಮ್ಮ ಕೈಲಿದೆ. ಮೊಬೈಲು ಅಡುಗೆಮನೆಯಲ್ಲೇ ಇರಲಿ. ಮಾತು ತಾನಾಗಿಯೇ ಬರುತ್ತದೆ. ಬರದಿದ್ದರೂ ಪರವಾಗಿಲ್ಲ, ನಿಮ್ಮ ಕೈ ಅದರ ಬೆನ್ನ ಮೇಲಿದ್ದರೆ ಸಾಕು.